ಕುನ್‌ಮಿಂಗ್‌ಗೆ ಹೋಗುವವರೇ, ಗಿಡಮೂಲಿಕೆ ಪುಡಿ ಮಾಡಿಸುವ ಮುಂಚೆ ರೇಟು ಕೇಳಿ

ಮೊದಲೇ ಹೇಳಿಬಿಡುತ್ತೇನೆ, ನಾನು ಆ ಊರಿಗೆ ಹೊಸಬನಲ್ಲ. ಹೊಟ್ಟೆ ಉರಿಯುತ್ತಿರುವುದೂ ಅದಕ್ಕೇ. 2016ರಿಂದ 2019ರ ಕೊನೆಯವರೆಗೆ ಚೀನಾದ ಕುನ್‌ಮಿಂಗ್‌ನಲ್ಲಿ ಯೋಗ ಹೇಳಿಕೊಟ್ಟವನು. ಮೈಸೂರಿನ ಯೋಗದ ಮೇಷ್ಟ್ರು ಅಂದರೆ ಅಲ್ಲಿ ಒಂದು ಮರ್ಯಾದೆ ಇತ್ತು. ಚೈನೀಸ್ ಮಾತಾಡುತ್ತೇನೆ, ಸಂತೆಯಲ್ಲಿ ಚೌಕಾಸಿ ಮಾಡುತ್ತೇನೆ. ಅಂಥವನಿಗೆ ಹಾಡಹಗಲೇ 1400 ಯುವಾನ್ ಟೋಪಿ.

ಅಕ್ಟೋಬರ್ 2025ರಲ್ಲಿ ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ನೇರ ವಿಮಾನ ಮತ್ತೆ ಶುರುವಾಯಿತಲ್ಲ, ಆಗಲೇ ಮನಸ್ಸು ಎದ್ದುಬಿಟ್ಟಿತ್ತು. ಡಿಸೆಂಬರ್‌ನಲ್ಲಿ ಹೋದೆ. ಕುನ್‌ಮಿಂಗ್ ಅಂದರೆ ನಮ್ಮ ಹಳೇ ಬೆಂಗಳೂರಿನ ಹವೆ, ಚಳಿಗಾಲದಲ್ಲೂ ಒಳ್ಳೇ ಬಿಸಿಲು. ಊರಿನ ನಡುವಿನ ಹಸಿರು ಕೆರೆಗೆ ಸೈಬೀರಿಯಾ ಕಡೆಯಿಂದ ಬಿಳಿ ಕಡಲಹಕ್ಕಿಗಳು ಬರುತ್ತವೆ, 1985ರಿಂದ ಪ್ರತಿ ಚಳಿಗಾಲ. ಮುಂಚೆ ಬೆಳಗಿನ ಕ್ಲಾಸು ಮುಗಿಸಿ ಅಲ್ಲೇ ಹೋಗಿ ಕೂರುತ್ತಿದ್ದೆ. ಈ ಸಲವೂ ಬ್ರೆಡ್ಡು ಕೊಂಡು ಹಾಕಿದೆ, ಕೈಯಿಂದಲೇ ಕಿತ್ತುಕೊಂಡು ಹೋದವು. ಖುಷಿಯಲ್ಲಿ ತೇಲುತ್ತಾ ಪಕ್ಕದ ಒಂದು ಗಲ್ಲಿಗೆ ನುಗ್ಗಿದೆ. ಅಲ್ಲೇ ಹಳ್ಳಕ್ಕೆ ಬಿದ್ದದ್ದು.

ಗಿಡಮೂಲಿಕೆ ಅಂಗಡಿ. ಮುಂದೆ ತಟ್ಟೆಗಳಲ್ಲಿ ಸನ್‌ಚಿ ಬೇರು. ಕುನ್‌ಮಿಂಗ್ ಇರುವ ಯುನ್ನಾನ್ ಪ್ರಾಂತ್ಯದಲ್ಲೇ, ವೆನ್‌ಶಾನ್ ಕಡೆ ಬೆಳೆಯುವುದು. ಅಲ್ಲಿಯವರು ನೋವು, ಬಾವು, ರಕ್ತ ಓಡಾಟ ಎಲ್ಲದಕ್ಕೂ ಪುಡಿ ಮಾಡಿ ತಗೊಳ್ಳುತ್ತಾರೆ. ಒಣ ಶುಂಠಿಯ ಗಂಟಿನಷ್ಟು ಗಟ್ಟಿ. ಅಮ್ಮನ ಮಂಡಿ ನೋವು ನೆನಪಾಯಿತು.

ಎಷ್ಟು ಅಂದೆ. ಅಂಗಡಿಯ ಹೆಂಗಸು 68 ಅಂದಳು. ತಟ್ಟೆಯಲ್ಲಿ ಸಿಕ್ಕಿಸಿದ ರಟ್ಟಿನ ಮೇಲೂ 68 ಅಂತಲೇ ಇತ್ತು, ಕೆಳಗಿನ ಅರ್ಧ ಬೇರುಗಳಲ್ಲಿ ಹೂತಿತ್ತು. ಚೀನಾದಲ್ಲಿ ಎಲ್ಲಾ ಜಿನ್ ಲೆಕ್ಕ ಅಲ್ವಾ, ಜಿನ್ ಅಂದರೆ ಅರ್ಧ ಕೇಜಿ. ತರಕಾರಿ, ಹಣ್ಣು ಎಲ್ಲಾ ನಾಲ್ಕು ವರ್ಷ ಹಾಗೇ ಕೊಂಡಿದ್ದೇನೆ. ಜಿನ್‌ಗೆ 68 ಅಂದುಕೊಂಡೆ. ಅಷ್ಟರಲ್ಲಿ ಅವಳು ಎಲ್ಲಿಯವರು, ಚೈನೀಸ್ ಹೇಗೆ ಬರುತ್ತೆ ಅಂತ ಮಾತಿಗೆಳೆದಳು. ಇಲ್ಲೇ ಯೋಗ ಹೇಳಿಕೊಡುತ್ತಿದ್ದೆ ಅಂದೆ. ಅಯ್ಯೋ, ಲಾವ್‌ಶಿ ಅಂದಳು! ಲಾವ್‌ಶಿ ಅಂದರೆ ಮೇಷ್ಟ್ರು. ಆರು ವರ್ಷದ ಮೇಲೆ ಆ ಮಾತು ಕಿವಿಗೆ ಬಿತ್ತು ನೋಡಿ, ಕರಗಿಹೋದೆ. ವೀಚಾಟ್‌ನಲ್ಲಿ, ಅಂದರೆ ಅಲ್ಲಿಯವರ ವಾಟ್ಸಾಪ್‌ನಲ್ಲಿ, ಅವಳನ್ನು ಸೇರಿಸಿಕೊಂಡದ್ದೂ ಆಗಲೇ. ನಮ್ಮ ದೇವರಾಜ ಮಾರ್ಕೆಟ್ಟಿನಲ್ಲಾದರೆ ಕಾಲು ಕೇಜಿಗಾ ಕೇಜಿಗಾ ಅಂತ ಮೂರು ಸಲ ಕೇಳುವವನು, ಅಲ್ಲಿ ಬಾಯೇ ಬಿಡಲಿಲ್ಲ.

260 ಗ್ರಾಂ ತೂಗಿದಳು. 35 ಯುವಾನ್ ಆಗುತ್ತೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ. ಪುಡಿ ಮಾಡಿಕೊಡಲಾ ಲಾವ್‌ಶಿ, ಇಷ್ಟು ಗಟ್ಟಿ ಬೇರು ಮನೆಯಲ್ಲಿ ಆಗಲ್ಲ ಅಂದಳು. ಹೂಂ ಅಂದೆ. ಆ ಒಂದು ಹೂಂ! ಕಲ್ಲು ಅರೆದ ಹಾಗೆ ಮಷಿನ್ ಗರಗರ ಅಂತು, ಅರ್ಧ ನಿಮಿಷವೂ ಇಲ್ಲ, ಬೂದಿಯ ಥರ ಪುಡಿ ಡಬ್ಬಿಗೆ ಬಿತ್ತು. ಮುಚ್ಚಳ ಹಾಕಿ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದಳು. 1768.

ತಪ್ಪು ಒತ್ತಿದ್ದೀರಿ ಅಂದೆ. ನಗುತ್ತಲೇ ತಟ್ಟೆಯ ಬೇರುಗಳನ್ನು ಬೆರಳಲ್ಲಿ ಸರಿಸಿದಳು. 68ರ ಕೆಳಗೆ ಸಣ್ಣದಾಗಿ 10 ಗ್ರಾಂ ಅಂತ. ಹತ್ತು ಗ್ರಾಂಗೆ 68! ಬೇಡ ಅಂದೆ. "ಪುಡಿ ಮಾಡಿದ ಮೇಲೆ ಯಾರಿಗೆ ಮಾರಲಿ ಲಾವ್‌ಶಿ? ನಿಮಗೆ ಚೈನೀಸ್ ಬರುತ್ತಲ್ಲ, ಬೋರ್ಡು ಓದಬೇಕಿತ್ತು." ಈ ಮಾತು ಇವತ್ತಿಗೂ ಚುಚ್ಚುತ್ತೆ. ಒಳಗಿಂದ ಇಬ್ಬರು ಗಂಡಸರು ಬಂದು ಬಾಗಿಲ ಹತ್ತಿರ ಸುಮ್ನೆ ನಿಂತರು. ಏನೂ ಅನ್ನಲಿಲ್ಲ, ನಿಂತರು ಅಷ್ಟೇ. ನಾನು ಕೂಗಾಡಿ, ಕೈಮುಗಿದ ಮೇಲೆ ಕೊನೆಗೆ 1400ಕ್ಕೆ ಇಳಿಸಿದಳು, ಅದೂ ಲಾವ್‌ಶಿ ಅಂತ! ದುಡ್ಡು ಕೊಡುವ ಚೀನೀ ಆ್ಯಪ್ ಅಲಿಪೇಯಲ್ಲಿ ನಮ್ಮ ಕಾರ್ಡಿನಿಂದ 200 ಯುವಾನ್ ಮೇಲೆ ಕೊಟ್ಟರೆ ನೂರಕ್ಕೆ 3 ಕಮಿಷನ್ ಬೇರೆ, ಇನ್ನೊಂದು 42. ನಮ್ಮ ದುಡ್ಡಲ್ಲಿ 18 ಸಾವಿರ ದಾಟಿತು.

ಇದರ ಮೇಲೆ ಕೇಳಿ. ಅಮ್ಮ ರಕ್ತ ಹೆಪ್ಪುಗಟ್ಟದ ಮಾತ್ರೆ ತಗೊಳ್ಳುತ್ತಾರೆ, ಅದರ ಜೊತೆ ಈ ಪುಡಿ ಬೇಡವೇ ಬೇಡ ಅಂದರು ಡಾಕ್ಟರು. ಡಬ್ಬಿ ಫ್ರಿಜ್ ಮೇಲೆ ಕೂತಿದೆ.

ಊರಿಗೆ ಬಂದ ಮೇಲೆ ಗೊತ್ತಾಯಿತು, ಯುನ್ನಾನ್‌ನಲ್ಲಿ ಪ್ರವಾಸಿಗಳು ಕೊಂಡ ಸಾಮಾನನ್ನು 30 ದಿನದೊಳಗೆ ಕಾರಣ ಕೇಳದೆ ವಾಪಸ್ ತಗೊಳ್ಳುವ ವ್ಯವಸ್ಥೆ ಇದೆಯಂತೆ. ಶುರುವಾದದ್ದು 2019ರಲ್ಲಿ, ನಾನು ಅಲ್ಲಿದ್ದಾಗಲೇ! ವೀಚಾಟ್‌ನಲ್ಲಿ ಅವಳಿಗೆ ಬರೆದೆ. ಬಿಲ್ ಇದೆಯಾ ಅಂದಳು. ಎಲ್ಲಿಯ ಬಿಲ್? ಪುಡಿ ಮಾಡಿ ಅಂತ ಹೇಳಿದ್ದು ನೀವೇ ಅಲ್ವಾ ಅಂದಳು. ಅಮ್ಮನಿಗೆ ಬೇಗ ಗುಣವಾಗಲಿ ಅಂತ ಒಂದು ಗುಲಾಬಿ ಕಳಿಸಿದಳು. ನಾನು ಇನ್ನೊಂದು ಮೆಸೇಜ್ ಹಾಕಿದರೆ ಪಕ್ಕದಲ್ಲಿ ಕೆಂಪು ಗುರುತು ಬಂತು. ನನ್ನನ್ನು ತೆಗೆದೇಹಾಕಿದ್ದಾಳೆ.

ಹೋಗುವವರು ದಯವಿಟ್ಟು ಕೇಳಿ. ಯಾವ ತೂಕಕ್ಕೆ ಎಷ್ಟು ಅಂತ ಬಾಯಿಬಿಟ್ಟು ಕೇಳಿ, ಮೊಬೈಲಲ್ಲಿ ಬರೆಸಿಕೊಳ್ಳಿ. ದುಡ್ಡು ಎಷ್ಟಾಗುತ್ತೆ ಅಂತ ತೋರಿಸುವ ತನಕ ಮಷಿನ್ ಮುಟ್ಟಲು ಬಿಡಬೇಡಿ. ಫಾಪ್ಯಾವ್ ಕೊಡಿ ಅನ್ನಿ, ಅದು ಸರ್ಕಾರಿ ಬಿಲ್, ಕೈಬರಹದ ಚೀಟಿ ಅಲ್ಲ. ಜಗಳ ಆದರೆ ಅಲ್ಲಿಂದಲೇ ಗ್ರಾಹಕರ ದೂರಿನ ನಂಬರ್ 12315ಕ್ಕೆ ಫೋನ್ ಮಾಡಿ. ನನಗೆ ಆ ನಂಬರ್ ಗೊತ್ತಿತ್ತು. ನಾಚಿಕೆಯಿಂದ ಮಾಡಲಿಲ್ಲ.

ಅವತ್ತು ಸಂಜೆ ಹಳೇ ವಿದ್ಯಾರ್ಥಿನಿ ಒಬ್ಬಳು ಊಟಕ್ಕೆ ಕರೆದಿದ್ದಳು. ಒಂದು ಮಾತು ಹೇಳಿದ್ದರೆ ಆ ಅಂಗಡಿಗೆ ಹೋಗಿ ದುಡ್ಡು ವಸೂಲಿ ಮಾಡಿಯೇ ಬರುತ್ತಿದ್ದಳು, ಅಂಥ ಹುಡುಗಿ. ಏನೇನು ತಗೊಂಡಿರಿ ಲಾವ್‌ಶಿ ಅಂತ ಕೇಳಿದಳು. ಗುಲಾಬಿ ಹೂರಣದ ಬಿಸ್ಕತ್ತು, ಅಷ್ಟೇ ಅಂದೆ.