ಹಾರ್ಫ್‌ಬಝ್: ಮೂಲ ಕೋಡ್‌ನಿಂದ ಬಿಲ್ಡ್ ಮಾಡಿ ನಾಲ್ಕು ವರ್ಷ ಬಳಸಿದ ಅನುಭವ

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಜಾತ್ರೆಯ ಆಮಂತ್ರಣ, ಯಕ್ಷಗಾನದ ನೋಟೀಸು ಇವೇ ಹೆಚ್ಚಿನ ಕೆಲಸ. ಕಾಸರಗೋಡಲ್ವಾ, ಒಂದೇ ಹಾಳೆಯಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು.

ನಾಲ್ಕು ವರ್ಷದ ಹಿಂದೆ ನಮ್ಮ ಮಾಷ್ಟ್ರು ಒಂದು ನೋಟೀಸಿನ ಪ್ರೂಫ್ ನೋಡಿ, "ಎಂತ ಮಾರಾಯಾ ಇದು, ಲಕ್ಷ್ಮಿಯ ಒತ್ತು ಕೆಳಗಿನ ಸಾಲಿಗೆ ತಾಗ್ತಾ ಉಂಟಲ್ಲ" ಎಂದರು. ತಪ್ಪು ಫಾಂಟಿನದೋ, ತಂತ್ರಾಂಶದ್ದೋ ನನಗೆ ಗೊತ್ತಾಗಲಿಲ್ಲ. ಅದನ್ನು ಹುಡುಕುತ್ತಾ ಹಾರ್ಫ್‌ಬಝ್‌ಗೆ ಬಂದೆ.

ಲಕ್ಷ್ಮಿ ಎಂದು ಬರೆದರೆ ಕಂಪ್ಯೂಟರಿನೊಳಗೆ ಇರುವುದು ಏಳು ಸಂಕೇತಗಳು. ಅವುಗಳಿಗೆ ಫಾಂಟಿನ ಯಾವ ಆಕಾರ ಬೇಕು, ಒತ್ತು ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು ಈ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ತಮ್ಮೊಳಗೆ ಬಳಸುವ ಕೋಡ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರೊಳಗೂ ಇದೇ ಇದೆ. ಹೆಸರು ಪರ್ಷಿಯನ್ ಭಾಷೆಯದು, ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಹೆಸರನ್ನೇ ಆ ಭಾಷೆಗೆ ತಂದದ್ದು.

ಬಿಲ್ಡ್ ಮಾಡುವುದು, ಅಂದರೆ ಮೂಲ ಕೋಡನ್ನು ಓಡುವ ತಂತ್ರಾಂಶವಾಗಿ ಮಾಡುವುದು, ಕಷ್ಟವಲ್ಲ. ಬಿಲ್ಡನ್ನು ಸಿದ್ಧಗೊಳಿಸುವ ಮೆಸನ್ ಮತ್ತು ಅದನ್ನು ನಡೆಸುವ ನಿಂಜಾ ಬೇಕು, ಕೋಡನ್ನು ಯಂತ್ರದ ಭಾಷೆಗೆ ತರುವ ಒಂದು ಸಿ++ ಕಂಪೈಲರ್ ಬೇಕು. ಆದರೆ ಮೊದಲ ಸಲ ನಾನು ಅರ್ಧ ದಿನ ಕಳೆದುಕೊಂಡೆ. ಕಂಪೈಲ್ ಒಂದೂ ದೋಷವಿಲ್ಲದೆ ಮುಗಿಯಿತು. ನನಗೆ ಬೇಕಾಗಿದ್ದ ಎಚ್‌ಬಿ-ಶೇಪ್, ಎಚ್‌ಬಿ-ವ್ಯೂ ಮಾತ್ರ ಎಲ್ಲೂ ಇಲ್ಲ! ಮೊದಲನೆಯದು ಆಯ್ದ ಆಕಾರಗಳ ಪಟ್ಟಿ ಕೊಡುವ, ಎರಡನೆಯದು ಅವನ್ನು ಚಿತ್ರವಾಗಿ ತೋರಿಸುವ ಸಲಕರಣೆ. ಅವಕ್ಕೆ ಬೇಕಾದ ಗ್ಲಿಬ್ ಮತ್ತು ಕೈರೋ ಎಂಬ ಲೈಬ್ರರಿಗಳ ಡೆವ್ ಪ್ಯಾಕೇಜುಗಳು (ಬಿಲ್ಡ್ ಮಾಡಲು ಬೇಕಾದ ಕಡತಗಳು) ನನ್ನ ಉಬುಂಟು ಲಿನಕ್ಸಿನಲ್ಲಿ ಇರಲಿಲ್ಲ. ಮೆಸನ್ ಅದಕ್ಕೆ ನಿಲ್ಲುವುದಿಲ್ಲ, ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಸೆಟಪ್ ಮುಗಿದಾಗ ಕೊನೆಗೆ ಒಂದು ಪಟ್ಟಿ ಬರುತ್ತದೆ, ಯಾವುದು ಸೇರಿದೆ, ಯಾವುದು ಇಲ್ಲ ಎಂದು. ಅದನ್ನು ಓದದೆ ನಿಂಜಾ ಓಡಿಸಬೇಡಿ. ಈಗ ನಾನು ಗ್ಲಿಬ್, ಕೈರೋ, ಫಾಂಟ್ ಓದುವ ಫ್ರೀಟೈಪ್ ಮೂರನ್ನೂ 'ಎನೇಬಲ್ಡ್' ಎಂದೇ ಕೊಡುತ್ತೇನೆ. ಆಗ ಯಾವುದಾದರೂ ಸಿಗದಿದ್ದರೆ ಅಲ್ಲೇ ನಿಂತು ಹೇಳುತ್ತದೆ.

ಎಚ್‌ಬಿ-ಶೇಪ್‌ಗೆ ಫಾಂಟನ್ನೂ 'ಲಕ್ಷ್ಮಿ'ಯನ್ನೂ ಕೊಟ್ಟೆ. ಆಕಾರಗಳ ಹೆಸರು, ಜಾಗ, ಅಗಲ ಸಾಲಾಗಿ ಬಂದವು. ಆಕಾರಗಳ ಆಯ್ಕೆ ಸರಿಯಾಗಿಯೇ ಇತ್ತು. ಮಕಾರದ ಒತ್ತನ್ನೇ ಆ ಫಾಂಟಿನಲ್ಲಿ ತೀರಾ ಕೆಳಗೆ ಬರೆದಿದ್ದರು. ಫಾಂಟ್ ಬದಲಿಸಿದೆ, ನೋಟೀಸು ಸರಿಯಾಯಿತು. ಇಷ್ಟು ನಿಖರವಾಗಿ ತಪ್ಪಿನ ಜಾಗ ತೋರಿಸುವ ಬೇರೆ ಸಲಕರಣೆ ನನ್ನ ಕೈಗೆ ಸಿಕ್ಕಿಲ್ಲ.

ಇದರಿಂದ ಆಗದ ಕೆಲಸವೂ ಇದೆ. ಕನ್ನಡ, ಮಲಯಾಳ ಎರಡೂ ಇರುವ ಸಾಲನ್ನು ಎಚ್‌ಬಿ-ವ್ಯೂಗೆ ಕೊಟ್ಟರೆ ಮಲಯಾಳದ ಜಾಗದಲ್ಲಿ ಬರೀ ಚೌಕಗಳು ಬರುತ್ತವೆ. ಹಾರ್ಫ್‌ಬಝ್ ಒಂದು ಸಲಕ್ಕೆ ಒಂದು ಫಾಂಟು, ಒಂದು ಲಿಪಿ ಎಂದೇ ಕೆಲಸ ಮಾಡುತ್ತದೆ. ಸಾಲು ಮುರಿಯುವುದೂ ಅದರ ಕೆಲಸವಲ್ಲ. ಅದಕ್ಕೆಲ್ಲ ಅದರ ಮೇಲೆ ಪ್ಯಾಂಗೋದಂಥ, ಪಠ್ಯವನ್ನು ಜೋಡಿಸುವ ಲೈಬ್ರರಿ ಬೇಕು. ನಮ್ಮೂರಿನ ಎರಡು ಭಾಷೆಯ ಹಾಳೆಗೆ ಇದು ಮುಖ್ಯ ವಿಷಯ. ಇನ್ನೊಂದು, ಹೊಸದನ್ನು ಹಾಕಿದ ಮಾತ್ರಕ್ಕೆ ಬ್ರೌಸರಿನಲ್ಲಿ ಏನೂ ಬದಲಾಗುವುದಿಲ್ಲ. ಕ್ರೋಮ್, ಫೈರ್‌ಫಾಕ್ಸ್ ತಮ್ಮದೇ ಪ್ರತಿಯನ್ನು ಒಳಗಿಟ್ಟುಕೊಂಡಿರುತ್ತವೆ.

ಸಿಸ್ಟಮ್ಮಿನ ಪ್ರತಿಯ ಮೇಲೆ ನಿಮ್ಮದನ್ನು ಕೂರಿಸಬೇಡಿ. ಪ್ರಿಫಿಕ್ಸ್ (ಎಲ್ಲಿ ಹಾಕಬೇಕೆಂಬ ಜಾಗ) ಕೊಟ್ಟು ಹೋಮ್ ಫೋಲ್ಡರಿನೊಳಗೇ ಹಾಕಿ. ಬಿಲ್ಡ್ ಫೋಲ್ಡರನ್ನೂ ಅಳಿಸಬೇಡಿ, ಅದಿದ್ದರೆ ನಿಂಜಾದಿಂದಲೇ ಅನ್‌ಇನ್‌ಸ್ಟಾಲ್ ಮಾಡಬಹುದು.

ಇಷ್ಟಕ್ಕೆಲ್ಲ ಸೋರ್ಸ್ ಯಾಕೆ, ಉಬುಂಟುವಿನ ಆಪ್ಟ್ ಕೊಡುವ ಸಿದ್ಧ ಪ್ರತಿ ಸಾಕಲ್ವಾ ಎಂದು ಕೇಳಬಹುದು. ಕನ್ನಡಕ್ಕೆ ಮಾತ್ರವಾದರೆ ಸಾಕು. ಆದರೆ ನಮ್ಮಲ್ಲಿ ತುಳುವೂ ಇದೆ. 2024ರ ಸೆಪ್ಟೆಂಬರಿನಲ್ಲಿ ಬಂದ, ಲಿಪಿಗಳ ಸಂಕೇತಪಟ್ಟಿಯಾದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಹಾರ್ಫ್‌ಬಝ್ ಅದನ್ನು ಗುರುತಿಸುವುದು 10ನೇ ಆವೃತ್ತಿಯಿಂದ. ಉಬುಂಟು 22.04ರಲ್ಲಿ ಇರುವುದು 2.7.4. ಇಷ್ಟು ಅಂತರವನ್ನು ದಾಟಲು ನನಗೆ ಬೇರೆ ದಾರಿ ಇರಲಿಲ್ಲ.

ಈಗ ಪ್ರತಿ ಹೊಸ ಆವೃತ್ತಿ ಬಂದಾಗ ಒಂದು ಕಡತವನ್ನು ಎಚ್‌ಬಿ-ವ್ಯೂನಲ್ಲಿ ಓಡಿಸಿ ನೋಡುತ್ತೇನೆ. ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಅರ್ಕಾವತ್ತಿಗೆ ಸೂರ್ಯ, ಅರ್ಕಾವತ್ತು ಬರಬಾರದ ರ‍್ಯಾಂಕ್. ಕಳೆದ ವಾರ ಮಾಷ್ಟ್ರು ಬಂದು ಕುಳಿತು ಇನ್ನೂ ಹನ್ನೊಂದು ಪದ ಸೇರಿಸಿ ಹೋಗಿದ್ದಾರೆ.