ವಿಜಯಪುರದಲ್ಲಿ ಟಾಂಗಾ ಸವಾರಿ: ಕುದುರೆಯ ಟೈಮಿಗೆ ಊರು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ವಿಜಯಪುರಕ್ಕೆ ನಾನು ಹೋದದ್ದು ಇದು ಎರಡನೇ ಸಲ. ಮೊದಲನೇ ಸಲದ್ದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರ ಪ್ಯಾಕೇಜಿನಲ್ಲಿ ಹೋಗಿದ್ದೆವು. ಹೆಸರು ಬೇಡ ಬಿಡಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಕೊನೆಗೆ ವಿಜಯಪುರ. ಅವರು ಕೊಟ್ಟ ಹಾಳೆಯಲ್ಲಿ 'ವಿಜಯಪುರ: 7 ಸ್ಥಳಗಳು' ಎಂದಿತ್ತು. ಬಸ್ಸು ಊರು ಮುಟ್ಟಿದಾಗ ಬೆಳಿಗ್ಗೆ ಹನ್ನೊಂದೂವರೆ, ವಾಪಸ್ ಹೊರಟಾಗ ಮಧ್ಯಾಹ್ನ ಮೂರೂವರೆ. ನಾಲ್ಕು ಗಂಟೆಯಲ್ಲಿ ಏಳು ಸ್ಥಳ, ನಡುವೆ ಊಟ. ಅದೂ ಏಪ್ರಿಲ್ ತಿಂಗಳಲ್ಲಿ! ಗೋಲಗುಮ್ಮಟದ ಮೇಲೆ ಹತ್ತಿದಾಗ ನಮ್ಮ ಬಸ್ಸಿನವರ ಜೊತೆ ಇನ್ನೆರಡು ಬಸ್ಸಿನ ಜನ ಸೇರಿ ಒಟ್ಟಿಗೆ ಕೂಗುತ್ತಿದ್ದರು. ಪಿಸುಮಾತಿನ ಗ್ಯಾಲರಿ ಅಂತ ಹೆಸರು, ಒಳಗೆ ಮಾತ್ರ ಮೀನು ಮಾರ್ಕೆಟ್ಟು. ಸಾಲದ್ದಕ್ಕೆ ಅವತ್ತು ಶುಕ್ರವಾರ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂಗೆ ಶುಕ್ರವಾರ ರಜ. ಇದನ್ನು ನೋಡಿಕೊಂಡು ದಿನ ಗೊತ್ತುಮಾಡಬಾರದಿತ್ತಾ ಎಂದು ಬಸ್ಸಿನ ಗೈಡನ್ನು ಕೇಳಿದೆ. "ಹೊರಗಿಂದ ನೋಡಿದ್ರೂ ನೋಡಿದ ಹಾಗೇ ಮೇಡಂ" ಎಂದುಬಿಟ್ಟ.

ಈ ಸಲ ಪ್ಯಾಕೇಜಿನ ಸಹವಾಸ ಬೇಡ ಎಂದು ನಾನೇ ಕೂತು ಪ್ಲಾನ್ ಮಾಡಿದೆ. ನಾನು, ಎಂಟನೇ ಕ್ಲಾಸಿನ ಮಗಳು, ಎಪ್ಪತ್ತೊಂದು ವರ್ಷದ ಅತ್ತೆ. ಅತ್ತೆಗೆ ಮಂಡಿನೋವು. ಡಿಸೆಂಬರ್ ಕೊನೆಯ ರಜ. ಜನವರಿಗೆ ಮುಂದೂಡೋಣ ಎಂದುಕೊಂಡಿದ್ದೆ, ಆದರೆ ಸಂಕ್ರಾಂತಿ ಹೊತ್ತಿಗೆ ಅಲ್ಲಿ ಸಿದ್ಧೇಶ್ವರ ಜಾತ್ರೆ. ಜಾತ್ರೆ ನೋಡುವ ಆಸೆ ಇದ್ದವರಿಗೆ ಅದೇ ಸರಿ. ಅರಾಮಾಗಿ ಊರು ನೋಡಬೇಕೆನ್ನುವವರಿಗೆ ಅಲ್ಲ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮಲಗಿ, ಶನಿವಾರ ಹೋಗಿ ಇಳಿದೆವು.

ಟಾಂಗಾ ನನ್ನ ಪ್ಲಾನಿನಲ್ಲಿ ಇರಲೇ ಇಲ್ಲ. ದಿನಕ್ಕೆ ಒಂದು ಆಟೋ ಗೊತ್ತುಮಾಡೋಣ ಎಂದುಕೊಂಡಿದ್ದೆ. ಸ್ಟೇಷನ್ ಹೊರಗೆ ಕುದುರೆ ಕಂಡದ್ದೇ ಮಗಳು ಅಲ್ಲೇ ನಿಂತಳು. ಸರಿ, ಕೇಳಿ ನೋಡೋಣ ಎಂದು ಹೋದರೆ, ಟಾಂಗಾ ಹೊಡೆಯುವ ಕಾಕಾ ರೇಟು ಹೇಳುವ ಮೊದಲೇ ತಮ್ಮ ಷರತ್ತು ಹೇಳಿದರು.

"ಮುಂಜಾನೆ ಆರೂವರಿಗೆ ಬರ್ತೀನ್ರಿ ಅಕ್ಕಾರ. ಹನ್ನೊಂದಕ್ಕ ಬಿಡ್ತೀನಿ. ಮತ್ತ ಸಂಜಿಕೆ ನಾಕಕ್ಕ. ನಡುವ ಎಷ್ಟ ರೊಕ್ಕ ಕೊಟ್ರೂ ಬರಂಗಿಲ್ರಿ. ಕುದುರಿಗೆ ಬಿಸಲ ಆಗೂದಿಲ್ಲ."

ನನಗೆ ಸ್ವಲ್ಪ ಕಿರಿಕಿರಿಯೇ ಆಯಿತು. ದಿನದ ಐದು ಗಂಟೆ ಸುಮ್ನೆ ಹಾಳು ಅಲ್ವಾ ಎಂದು ಲೆಕ್ಕ ಹಾಕಿದೆ. (ಆಫೀಸಿನಲ್ಲಿ ನಾನು ಮಾಡುವುದು ಅಕೌಂಟ್ಸ್ ಕೆಲಸ. ಅಭ್ಯಾಸ ಬಿಡುವುದಿಲ್ಲ.) ಕೊನೆಗೆ ನಾಲ್ಕು ಸರದಿಗೆ 2,800 ಎಂದು ಒಪ್ಪಿಕೊಂಡೆವು. ಆಟೋ ಆಗಿದ್ದರೆ ಕಡಿಮೆಗೆ ಆಗುತ್ತಿತ್ತು, ಅದು ನಿಜ.

ಶನಿವಾರ ಸಂಜೆ ಊರಿನ ಪಶ್ಚಿಮದ ಕಡೆ ಹೋದೆವು. ಮೊದಲು ಮಲಿಕ್-ಎ-ಮೈದಾನ್ ಫಿರಂಗಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿಯ ಕಡೆ ಸಿಂಹದ ಮುಖ ಇದೆ, ಅದರ ಹಲ್ಲಿನ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಹಿಂದಿನ ಸಲ ಇದನ್ನು ಬಸ್ಸಿನ ಕಿಟಕಿಯಿಂದ ತೋರಿಸಿದ್ದರು. ಕಿಟಕಿಯಿಂದ ಆನೆ ಕಾಣುತ್ತದಾ? ಬ್ರಿಟಿಷರ ಕಾಲದಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿದ್ದರು, ಆಮೇಲೆ ಅದು ರದ್ದಾಗಿ ಫಿರಂಗಿ ಇಲ್ಲೇ ಉಳಿಯಿತು ಎಂದು ಮಗಳಿಗೆ ಹೇಳಿದೆ. "ನಮ್ಮ ಪಿಜ್ಜಾಗೂ ಅಷ್ಟು ಸಾಕಾಗಲ್ಲ" ಎಂದಳು.

ಹತ್ತಿರದಲ್ಲೇ ಉಪ್ಪಲಿ ಬುರುಜು. 80 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ. ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗುತ್ತದೆ. ಚಿಕ್ಕ ಮಕ್ಕಳಿದ್ದರೆ ಕೈ ಬಿಡಬೇಡಿ. ಅತ್ತೆ ಟಾಂಗಾದಲ್ಲೇ ಕೂತು ಕಾಕಾ ಜೊತೆ ಮಾತಿಗಿಳಿದರು. ಮೇಲೆ ನಿಂತಾಗ ಬಿಸಿಲು ಇಳಿಯುತ್ತಿತ್ತು. ಮನೆಗಳ ತಾರಸಿ, ನೀರಿನ ಟ್ಯಾಂಕು, ಬೇವಿನ ಮರ, ಎಲ್ಲದರ ಆಚೆ ಗೋಲಗುಮ್ಮಟ ಒಂದು ಬೋರಲು ಹಾಕಿದ ಪಾತ್ರೆಯ ಹಾಗೆ. ಊರು ಹೇಗಿದೆ, ಯಾವುದು ಎಲ್ಲಿದೆ ಎಂದು ನನಗೆ ತಿಳಿದದ್ದು ಅಲ್ಲಿ. ನೀವು ಹೋದರೆ ಮೊದಲ ದಿನವೇ ಇಲ್ಲಿಗೆ ಹತ್ತಿ, ಆಮೇಲೆ ನಕ್ಷೆ ಬೇಕಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಹೇಳಿದ ಹಾಗೆ ಆರೂವರೆಗೆ ಲಾಡ್ಜಿನ ಮುಂದೆ ಗೆಜ್ಜೆ ಸದ್ದು. ಚಳಿ ಇತ್ತು. ಅತ್ತೆ ಶಾಲು ಹೊದ್ದುಕೊಂಡೇ ಹತ್ತಿದರು. ಗೋಲಗುಮ್ಮಟದ ಗೇಟಿನಲ್ಲಿ ವಾಕಿಂಗ್ ಬರುವ ಊರಿನವರು ಬಿಟ್ಟರೆ ನಮ್ಮಂಥವರು ಇಬ್ಬರೋ ಮೂವರೋ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಊರನ್ನು ಆಳಿದ ಆದಿಲ್ ಶಾಹಿ ಸುಲ್ತಾನರಲ್ಲಿ ಒಬ್ಬ, ಮೊಹಮ್ಮದ್ ಆದಿಲ್ ಶಾ, ತನಗಾಗಿ ಕಟ್ಟಿಸಿಕೊಂಡ ಗೋರಿ ಇದು. ಅವನು ತೀರಿಕೊಂಡದ್ದು 1656ರಲ್ಲಿ. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ಕೆಳಗೆ ನಡುವೆ ಒಂದೇ ಒಂದು ಕಂಬ ಇಲ್ಲ. ಒಂದರೊಳಗೊಂದು ಹಾದುಹೋಗುವ ಕಮಾನುಗಳು ಅಷ್ಟೂ ಭಾರ ಹೊತ್ತಿವೆ. ಒಳಗಿನ ಕಟ್ಟೆಯ ಮೇಲೆ ಅವನ ಗೋರಿ, ಅವನ ಹೆಂಡಂದಿರ ಗೋರಿ, ಜೊತೆಗೆ ನರ್ತಕಿ ರಂಭೆಯದ್ದೂ. ಮೇಲೆ ಕಾಣುವುದು ಗುರುತಿಗೆ ಮಾತ್ರ, ನಿಜವಾದ ಸಮಾಧಿ ಕೆಳಗಿನ ನೆಲಮಾಳಿಗೆಯಲ್ಲಿದೆ.

ಗ್ಯಾಲರಿಗೆ ಹೋಗಲು ಮೂಲೆಯ ಗೋಪುರದೊಳಗಿನ ಮೆಟ್ಟಿಲು ಹತ್ತಬೇಕು, ಏಳು ಅಂತಸ್ತು. ಇಕ್ಕಟ್ಟು, ಕೆಲವು ಮೆಟ್ಟಿಲು ಮೊಣಕಾಲೆತ್ತರ. ಮಂಡಿನೋವಿನವರನ್ನು ಒತ್ತಾಯ ಮಾಡಬೇಡಿ. ಅತ್ತೆ ಕೆಳಗೆ ಕಟ್ಟೆಯ ಹತ್ತಿರ ಕೂತರು. ನಾನು, ಮಗಳು ಹತ್ತಿದೆವು. ಮೇಲೆ ಯಾರೂ ಇಲ್ಲ. ಪಾರಿವಾಳದ ರೆಕ್ಕೆ ಸದ್ದು ಕೂಡ ಗುಡುಗಿನ ಹಾಗೆ ಸುತ್ತುತ್ತಿತ್ತು. ಮಗಳನ್ನು ಎದುರು ಬದಿಗೆ ಕಳಿಸಿದೆ. ಅಲ್ಲಿಂದ ಅವಳು ಬೆರಳುದ್ದ ಕಾಣುತ್ತಿದ್ದಳು. ಗೋಡೆಗೆ ಕಿವಿ ಕೊಟ್ಟು ಕೂತೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನನ್ನ ಭುಜದ ಹಿಂದೆ ಕೂತು ಹೇಳಿದ ಹಾಗೆ, ಅವಳ ಉಸಿರಿನ ಸಮೇತ ಬಂತು:

"ಅಮ್ಮಾ, ಅಜ್ಜಿ ಬ್ಯಾಗಲ್ಲಿ ಚಕ್ಕುಲಿ ಇದೆ, ನಂಗೆ ಕೊಡ್ತಿಲ್ಲ."

ಪಿಸುಮಾತು ಗೋಡೆಯ ಬಾಗುವಿಕೆಯನ್ನೇ ಹಿಡಿದುಕೊಂಡು ಸುತ್ತಿ ಬರುತ್ತದೆ, ಅದಕ್ಕೇ ಗೋಡೆಗೆ ಮುಖ ಮಾಡಿ ಮಾತಾಡಬೇಕು. ನಡುವೆ ಯಾರಾದರೂ ಒಬ್ಬರು ಕೂಗಿದರೂ ಮುಗಿಯಿತು. ನಾವು ಒಂದು ಬೆಂಕಿಪೊಟ್ಟಣದಷ್ಟು ಕಾಗದ ಹರಿದು ನೋಡಿದೆವು, ಅದೂ ಕೇಳಿಸಿತು. ಚಪ್ಪಾಳೆ ಒಂದೇ ಸಲ ತಟ್ಟಿದೆ. ಏಳರವರೆಗೆ ಎಣಿಸಿದೆ, ಆಮೇಲೆ ಒಂದಕ್ಕೊಂದು ಸೇರಿಕೊಂಡು ಲೆಕ್ಕ ತಪ್ಪಿತು. ಕಾಕಾ ಪ್ರಕಾರ ಹನ್ನೊಂದು. ಅರ್ಧ ಗಂಟೆ ಹೀಗೇ ಆಡಿದೆವು. ಇಳಿಯುವಾಗ ಕೆಳಗಿನಿಂದ ಒಂದು ಗುಂಪು "ಹೋ" ಎನ್ನುತ್ತಾ ಹತ್ತಿ ಬರುತ್ತಿತ್ತು. ಮೂರು ವರ್ಷದ ಹಿಂದೆ ನಾನು ಬಂದದ್ದೂ ಹೀಗೇ.

ಇಡ್ಲಿ ತಿಂದು ಜಾಮಿ ಮಸೀದಿ ನೋಡಿ ಬರುವಷ್ಟರಲ್ಲಿ ಹತ್ತು ಗಂಟೆ, ಮ್ಯೂಸಿಯಂ ಬಾಗಿಲು ತೆಗೆದಿದ್ದರು. ಮಸೀದಿಯನ್ನು ಶುರುಮಾಡಿಸಿದ್ದು ಒಂದನೇ ಅಲಿ ಆದಿಲ್ ಶಾ, 1565ರಲ್ಲಿ ವಿಜಯನಗರ ಸೋತ ಯುದ್ಧದ ನಂತರ. ಹಂಪಿ ಪಾಳುಬಿದ್ದ ಕಾಲಕ್ಕೇ ಈ ಊರು ಏಳುತ್ತಿತ್ತು ಎಂದು ಅಲ್ಲಿ ನಿಂತಾಗ ಅನಿಸಿತು. ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಂದು ಪ್ರಾರ್ಥನೆಗೆ ಗೆರೆ ಹಾಕಿದ ಚೌಕಗಳಿವೆ, 2,250. ಅದನ್ನು ಹಾಕಿಸಿದ್ದು ಔರಂಗಜೇಬ್, 1686ರಲ್ಲಿ ಊರು ಗೆದ್ದಮೇಲೆ. ಮ್ಯೂಸಿಯಂ ಚೆನ್ನಾಗಿದೆ, ಮುಕ್ಕಾಲು ಗಂಟೆ ಸಾಕು.

ಹನ್ನೊಂದಕ್ಕೆ ಕಾಕಾ ನಮ್ಮನ್ನು ಒಂದು ಖಾನಾವಳಿಯ ಹತ್ತಿರ ಇಳಿಸಿ ಹೋದರು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಪಕ್ಕಕ್ಕೆ ಹಸಿ ಈರುಳ್ಳಿ, ಮೆಂತ್ಯ ಸೊಪ್ಪು. ಸೊಪ್ಪನ್ನು ಹಸಿಯಾಗಿ ತಿನ್ನಬೇಕು ಎಂದು ಗೊತ್ತಿಲ್ಲದೆ ಅತ್ತೆ ಅದನ್ನು ಅಲಂಕಾರಕ್ಕೆ ಇಟ್ಟಿದ್ದಾರೆ ಎಂದುಕೊಂಡಿದ್ದರು. ಬಡಿಸುವ ಹೆಂಗಸು "ತಿನ್ನರಿ ಅಮ್ಮಾರ, ಹೊಟ್ಟಿಗೆ ತಂಪು" ಎಂದು ಇನ್ನೊಂದು ಹಿಡಿ ಹಾಕಿದರು. ಉಂಡು ರೂಮಿಗೆ ಬಂದು ಮೂವರೂ ಮೂರೂವರೆವರೆಗೆ ನಿದ್ದೆ. ಹಾಳಾಗುತ್ತದೆ ಎಂದುಕೊಂಡಿದ್ದ ಐದು ಗಂಟೆ ಅದು. ಅತ್ತೆ ಈ ಟ್ರಿಪ್ಪಿನಲ್ಲಿ ಒಂದು ದಿನವೂ ನೋವಿನ ಮಾತ್ರೆ ಕೇಳಲಿಲ್ಲ.

ಸಂಜೆ ಬಾರಾಕಮಾನ್, ಗಗನ ಮಹಲ್, ತಾಜ್ ಬಾವಡಿ. ಬಾರಾಕಮಾನ್ ಎರಡನೇ ಅಲಿ ಆದಿಲ್ ಶಾನ ಗೋರಿ, 1672ರಲ್ಲಿ ಅವನು ಸತ್ತ ಮೇಲೂ ಪೂರ್ತಿಯಾಗಲಿಲ್ಲ. ಚಾವಣಿ ಇಲ್ಲದ ಕಪ್ಪು ಕಮಾನುಗಳು ಮಾತ್ರ ನಿಂತಿವೆ. ಪಕ್ಕದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ತಾಜ್ ಬಾವಡಿ ಹಳೆಯ ದೊಡ್ಡ ಬಾವಿ, ಅದರ ದೊಡ್ಡ ಕಮಾನು ಚೆನ್ನ, ನೀರಿನ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು.

ಸೋಮವಾರ ಬೆಳಿಗ್ಗೆ ಇಬ್ರಾಹಿಂ ರೋಜಾ. ನನ್ನನ್ನು ಕೇಳಿದರೆ ಊರಿನಲ್ಲಿ ಎಲ್ಲಕ್ಕಿಂತ ಚೆಂದ ಇದೇ. ಗೋಲಗುಮ್ಮಟ ದೊಡ್ಡದು, ಇದು ಸೂಕ್ಷ್ಮ. ಎರಡನೇ ಇಬ್ರಾಹಿಂ ಆದಿಲ್ ಶಾ ಸಂಗೀತದ ಹುಚ್ಚು ಇದ್ದವನು, ಸರಸ್ವತಿಯನ್ನು ನೆನೆದು ಪದ ಕಟ್ಟಿದವನು. ಜನ ಜಗದ್ಗುರು ಬಾದಶಹ ಎನ್ನುತ್ತಿದ್ದರು. ಒಂದೇ ಜಗಲಿಯ ಮೇಲೆ ಗೋರಿ, ಮಸೀದಿ ಎದುರುಬದುರು. ಗೋರಿಯ ಕಿಟಕಿಗಳಲ್ಲಿ ಕಲ್ಲನ್ನೇ ಅರಬ್ಬಿ ಅಕ್ಷರದ ಆಕಾರಕ್ಕೆ ಕೊರೆದು ಜಾಲರಿ ಮಾಡಿದ್ದಾರೆ. ಬೆಳಕು ಅಕ್ಷರದ ಸಂದಿನಿಂದಲೇ ಒಳಗೆ ಬರಬೇಕು. ಬಿಸಿಲು ಅಡ್ಡ ಬೀಳುವ ಹೊತ್ತಿಗೆ ಹೋದದ್ದರಿಂದ ಮಗಳ ಬಿಳಿ ಟಾಪಿನ ಮೇಲೆ ಒಂದೆರಡು ಅಕ್ಷರದ ನೆರಳು ಬಿದ್ದಿತ್ತು. ಓದಲು ಬರುವುದಿಲ್ಲ, ಆದರೂ ಫೋಟೋ ತೆಗೆದುಕೊಂಡೆ. ಹಿಂದಿನ ಸಲ ಇಲ್ಲಿಗೆ ನಡು ಮಧ್ಯಾಹ್ನ ಬಂದು, ಚಪ್ಪಲಿ ಬಿಟ್ಟ ಮೇಲೆ ಕಾಲು ಸುಟ್ಟು, ಕುಣಿದುಕೊಂಡೇ ಓಡಿಹೋಗಿದ್ದೆವು. ಹೊತ್ತಾಗಿ ಹೋಗುವವರು ಒಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ.

ಇನ್ನು ಟಾಂಗಾದ ಕೊರತೆ. ಹಿಂದಿನ ಸೀಟಿನಲ್ಲಿ ಕಾಲು ಜೋತುಬಿಟ್ಟು ಕೂರಬೇಕು, ಹಿಡಿದುಕೊಳ್ಳಲು ಒಂದು ಸಣ್ಣ ಕಂಬಿ ಮಾತ್ರ. ಹಂಪ್ ಬಂದಾಗಲೆಲ್ಲ ಜೀವ ಬಾಯಿಗೆ. ವಯಸ್ಸಾದವರನ್ನು ಮುಂದೆ ಕೂರಿಸಿ. ಲಾರಿ ಹಾರ್ನ್ ಹೊಡೆದರೆ ನಮಗಿಂತ ಕುದುರೆಗೆ ಅಭ್ಯಾಸ ಇತ್ತು, ನಾನೇ ಹೆದರಿದೆ. ದೂರದ ಜಾಗಗಳಿಗೆ ಇದು ಆಗುವುದಿಲ್ಲ. ಸಾಠ್ ಕಬರ್‌ಗೆ ಬರುವುದಿಲ್ಲ ಎಂದು ಕಾಕಾ ಖಂಡಿತ ಹೇಳಿದರು. ಶಿವಾಜಿಯ ಎದುರು ಹೊರಡುವ ಮುಂಚೆ ಅಫ್ಜಲ್ ಖಾನ್ ತನ್ನ ಹೆಂಡಂದಿರನ್ನೆಲ್ಲ ಕೊಂದು ಹೂಳಿಸಿದ ಜಾಗ ಎಂದು ಕಥೆ ಹೇಳುತ್ತಾರಲ್ಲ, ಅದು. ಅಲ್ಲಿಗೆ ಆಟೋ ಮಾಡಿಕೊಂಡೆವು. ಇತಿಹಾಸದ ವಿಷಯದಲ್ಲಿ ಕಾಕಾ ಮಾತನ್ನು ಪೂರ್ತಿ ನಂಬಬೇಡಿ. ಪ್ರತಿ ಕಟ್ಟಡದ ಕೆಳಗೂ ಒಂದು ಸುರಂಗ ಇದೆ ಎನ್ನುತ್ತಾರೆ.

ಟಾಂಗಾ ಮಾಡುವ ಮುಂಚೆ ಕುದುರೆಯನ್ನು ಒಮ್ಮೆ ಸುತ್ತಿ ನೋಡಿ. ಬೆನ್ನಿನ ಮೇಲೆ, ಪಟ್ಟಿ ಉಜ್ಜುವ ಜಾಗದಲ್ಲಿ ಗಾಯ ಇದ್ದರೆ ಬಿಟ್ಟುಬಿಡಿ. ನಮ್ಮದಕ್ಕೆ ಮೈ ಮಿರಿಮಿರಿ ಹೊಳೆಯುತ್ತಿತ್ತು. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಹಿಂದಿನ ಸೀಟಿಗೆ ಕಳೆದದ್ದು.

ಕೊನೆಯ ದಿನ ದುಡ್ಡು ಕೊಟ್ಟು 200 ಜಾಸ್ತಿ ಸೇರಿಸಿದೆ. ಕಾಕಾ ಎಣಿಸಿ, ಅದರಲ್ಲಿ 100 ವಾಪಸ್ ಮಗಳ ಕೈಗಿಟ್ಟರು. ಅತ್ತೆ ಬ್ಯಾಗಿನ ತಳದಿಂದ ಉಳಿದ ನಾಲ್ಕು ಚಕ್ಕುಲಿ ತೆಗೆದರು. ಎರಡು ಕಾಕಾಗೆ, ಎರಡು ಕುದುರೆಗೆ ಎಂದರು. "ಕುದುರಿಗೆ ಖಾರ ಬ್ಯಾಡ್ರಿ ಅಮ್ಮಾರ" ಎಂದು ಕಾಕಾ ನಾಲ್ಕನ್ನೂ ಕಿಸೆಗೆ ಹಾಕಿಕೊಂಡರು. ಮಗಳಿಗೆ ಕಡೆಗೂ ಒಂದೂ ಸಿಗಲಿಲ್ಲ.