ಚಿಕನ್ ಸಾರಿನ ಪುಡಿ: ಪುಡಿ ಚೆನ್ನಾಗಿದೆ, ಪ್ಯಾಕೆಟ್ ಹಿಂದಿರೋ ರೆಸಿಪಿ ನಂಬ್ಬೇಡಿ

ಮಂಡ್ಯ ಕಡೆ ಒಂದು ಸಣ್ಣ ಗೃಹೋದ್ಯಮದವ್ರ ಪುಡಿ ಇದು, ಹೆಸ್ರು ಹಾಕಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದೀನಿ. 100 ಗ್ರಾಂ ಪ್ಯಾಕೆಟ್, ರೇಟು ಅಂಗಡಿಲಿ ಸಿಗೋ ಬೇರೆ ಪುಡಿಗಳಷ್ಟೇ.

ಘಮ ಮಾತ್ರ ಸೂಪರ್. ಪ್ಯಾಕೆಟ್ ಕತ್ತರಿಸಿದ ತಕ್ಷಣ ಹುರಿದ ಧನಿಯಾ ವಾಸನೆ ಮೂಗಿಗೆ ಬರುತ್ತೆ, ಆಮೇಲೆ ಚಕ್ಕೆ ಲವಂಗ, ಅದ್ರ ಜೊತೆಗೆ ಕಲ್ಲುಹೂವು. ಈ ಕಲ್ಲುಹೂವನ್ನ ಎಷ್ಟೋ ಜನ ಪುಡಿಗೆ ಹಾಕೋದೇ ಇಲ್ಲ, ಆದ್ರೆ ಬಾಡೂಟದ ಸಾರಿಗೆ ಆ ಘಮ ಬರೋದೇ ಅದ್ರಿಂದ. ಮೆಣಸಿನಕಾಯಿ ಜಾಸ್ತಿ ಬ್ಯಾಡಗಿನೇ ಇರ್ಬೇಕು, ಕುದಿ ಬಂದ್ಮೇಲೆ ಮೇಲೆ ತೇಲೋ ಎಣ್ಣೆ ಒಳ್ಳೆ ಕೆಂಪಗಿರುತ್ತೆ, ಖಾರ ಮಾತ್ರ ಮಕ್ಕಳು ತಿನ್ನೋ ಅಷ್ಟೇ. ಗುಂಟೂರು ಖಾರ ಬೇಕು ಅನ್ನೋರು ಎರಡು ಹಸಿಮೆಣಸಿನಕಾಯಿ ಸೀಳಿ ಹಾಕ್ಕೊಳ್ಳಿ.

ಈಗ ಬೈಗುಳ. ಪದಾರ್ಥಗಳನ್ನ ತೂಕ ಯಾವುದು ಜಾಸ್ತಿನೋ ಅದನ್ನ ಮೊದ್ಲು ಬರೀಬೇಕು ಅಂತ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ರೂಲ್ಸ್ ಇದೆ ಅಲ್ವಾ, ಇದ್ರಲ್ಲಿ ಧನಿಯಾ, ಮೆಣಸಿನಕಾಯಿ ಆದ್ಮೇಲೆ ಮೂರನೇದೇ ಉಪ್ಪು! ಜೀರಿಗೆ, ಮೆಣಸು, ಚಕ್ಕೆ ಎಲ್ಲಾ ಉಪ್ಪಿಗಿಂತ ಹಿಂದೆ. ಅಂದ್ರೆ ಮಸಾಲೆ ರೇಟಿಗೆ ಉಪ್ಪು ಕೊಂಡ್ಕೊಂಡ ಹಾಗೆ. ದುಡ್ಡಿನ ಮಾತು ಬಿಡಿ, ಅಡುಗೆಗೂ ಇದು ಗೊತ್ತಿರ್ಬೇಕು, ಉಪ್ಪನ್ನ ಮೊದ್ಲೇ ಹಾಕ್ದೆ ಕೊನೇಲಿ ರುಚಿ ನೋಡಿ ಹಾಕಿ.

ಹಿಂದೆ ಪ್ರಿಂಟ್ ಮಾಡಿರೋ ರೆಸಿಪಿ ಅಂತೂ ಯಾರು ಬರ್ದ್ರೋ ಗೊತ್ತಿಲ್ಲ. ಚಿಕನ್, ಈರುಳ್ಳಿ, ಟೊಮೇಟೊ, ಪುಡಿ, ನೀರು ಎಲ್ಲಾ ಕುಕ್ಕರ್‌ಗೆ ಹಾಕಿ ನಾಲ್ಕು ವಿಷಲ್ ಕೂಗಿಸಿ ಅಂತೆ. ಬ್ರಾಯ್ಲರ್ ಕೋಳಿಗೆ ಸುಮಾರು ಆರು ವಾರ ವಯಸ್ಸು, ಎಳೇ ಮಾಂಸ, ನಾಲ್ಕು ವಿಷಲ್ ಆದ್ರೆ ಪೀಸ್ ಹುಡುಕ್ಬೇಕು, ಮೂಳೆ ಬೇರೆ ಮಾಂಸ ಬೇರೆ ಆಗಿರುತ್ತೆ. ಅದು ನಾಟಿ ಕೋಳಿಗೆ ಹೇಳೋ ಲೆಕ್ಕ. ಬ್ರಾಯ್ಲರ್‌ಗೆ ಕುಕ್ಕರೇ ಬೇಡ, ಪಾತ್ರೇಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು. ಇನ್ನು ಪುಡಿನ ಸೀದಾ ನೀರಿಗೆ ಹಾಕಿದ್ರೆ ಘಮ ಅರ್ಧಕ್ಕರ್ಧ ವೇಸ್ಟು, ಮಸಾಲೆ ಘಮ ಬಿಡೋದು ಎಣ್ಣೇಲಿ.

ನಾನು ಮಾಡೋದು ಹೀಗೆ. ಒಂದು ಕೆಜಿಗೆ ಎರಡು ದೊಡ್ಡ ಈರುಳ್ಳಿ ಕೆಂಪಗೆ ಹುರಿದು, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಸಿ ವಾಸನೆ ಹೋಗೋವರ್ಗೂ ಬಾಡಿಸಿ, ಅರಿಶಿನ ಹಾಕಿ ಚಿಕನ್ ಹಾಕೋದು. ನೀರು ಹಾಕಲ್ಲ, ಚಿಕನ್ನೇ ನೀರು ಬಿಟ್ಕೊಳ್ಳುತ್ತೆ, ಆ ನೀರು ಇಂಗಿ ಅಂಚಲ್ಲಿ ಎಣ್ಣೆ ಕಾಣಿಸ್ಕೊಳ್ಳೋ ತನಕ ಕೈ ಆಡಿಸ್ತಾ ಇರ್ಬೇಕು, ಇಲ್ಲಿ ಅರ್ಜೆಂಟ್ ಮಾಡ್ಬೇಡಿ, ಸಾರಿನ ರುಚಿ ಎಲ್ಲಾ ಇಲ್ಲೇ ಇರೋದು. ಆಮೇಲೆ ಒಂದು ಟೊಮೇಟೊ, ಅದು ಕರಗಿದ್ಮೇಲೆ ಉರಿ ಸಣ್ಣ ಮಾಡಿ ಪುಡಿ ಮೂರು ಟೇಬಲ್ ಸ್ಪೂನ್. ಮೊದ್ಲೇ ಹುರಿದ ಪುಡಿ ಆದ್ರಿಂದ ಬೇಗ ಸೀದೋಗುತ್ತೆ, ಒಂದು ನಿಮಿಷ ಸಾಕು. ಆಮೇಲೆ ಅರ್ಧ ಹೋಳು ಕಾಯಿ, ಒಂದು ಸ್ಪೂನ್ ಹುರಿಗಡಲೆ, ಕೊತ್ತಂಬರಿ ಸೊಪ್ಪು ನುಣ್ಣಗೆ ರುಬ್ಬಿ ಹಾಕಿ, ನೀರು ಹಾಕಿ ಕುದಿಸೋದು. ಮುದ್ದೆಗಾದ್ರೆ ತೆಳ್ಳಗೆ, ಚಪಾತಿಗಾದ್ರೆ ಸ್ವಲ್ಪ ಗಟ್ಟಿ.

ಕಾಯಿ ರುಬ್ಬದೇ ಬರೀ ಪುಡಿಲಿ ಮಾಡಿದ್ರೆ ಸಾರು ಹೋಟೆಲ್ ಗ್ರೇವಿ ಥರ ಧನಿಯಾ ಧನಿಯಾ ಅನ್ಸುತ್ತೆ. ನಮ್ಮತ್ತೆ ಪ್ಯಾಕೆಟ್ ಪುಡಿ ಅಂದ್ರೇನೇ ಮೂಗು ಮುರಿಯೋರು, ಕಾಯಿ ಹಾಕಿ ಮಾಡಿದ್ದನ್ನ ಏನೂ ಕೇಳ್ದೆ ಊಟ ಮಾಡಿದ್ರು, ನಾನೂ ಏನೂ ಹೇಳಕ್ಕೆ ಹೋಗ್ಲಿಲ್ಲ.

ಪ್ಯಾಕೆಟ್‌ಗೆ ಜಿಪ್ ಇಲ್ಲ, ಒಂದ್ಸಲ ಕತ್ತರಿಸಿದ್ರೆ ಗಾಜಿನ ಬಾಟಲಿಗೆ ಹಾಕಿ ಟೈಟಾಗಿ ಮುಚ್ಚಳ ಹಾಕಿಡಿ, ಇಲ್ಲಾಂದ್ರೆ ಆ ಘಮ ಬೇಗ ಇಳಿದೋಗುತ್ತೆ. ಪೀಜಿಲಿ ರೂಮಲ್ಲಿ ಇರೋರು, ಬೆಳಗ್ಗೆ ಆಫೀಸಿಗೆ ಓಡೋರು ಧೈರ್ಯವಾಗಿ ತಗೊಳ್ಳಿ. ಮನೇಲಿ ಮಸಾಲೆ ಹುರಿದು ರುಬ್ಬೋ ಅಭ್ಯಾಸ ಇರೋರಿಗೆ ಇದು ಬೇಕಾಗಿಲ್ಲ. ಐದಕ್ಕೆ ಮೂರೂವರೆ ಸ್ಟಾರ್, ಉಪ್ಪು ಕಮ್ಮಿ ಮಾಡಿದ್ರೆ ನಾಲ್ಕು. ಮಟನ್‌ಗೂ ಆಗುತ್ತೆ ಅಂತ ಮುಂದ್ಗಡೆ ದಪ್ಪಕ್ಷರದಲ್ಲಿ ಹಾಕಿದಾರೆ, ಅದನ್ನ ನಾನಿನ್ನೂ ಟ್ರೈ ಮಾಡಿಲ್ಲ.